ಓದುಗರ ಪ್ರಶ್ನೆ: ಬಾಳೆಹಣ್ಣಿನ ಡಿಎನ್‌ಎ, ಬಂಗುಡೆಯ ವಾಸನೆ, ಗಟ್ಟಿಯಾದ ಎಣ್ಣೆ

ಪ್ರಶ್ನೆ: ಮಕ್ಕಳಿಗೆ ಬಾಳೆಹಣ್ಣಿನ ಡಿಎನ್‌ಎ ತೋರಿಸಲೆಂದು ಹಣ್ಣು, ನೀರು, ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲವನ್ನೂ ಮಿಕ್ಸಿಗೆ ಹಾಕಿ, ಸೋಸಿ, ಸ್ಯಾನಿಟೈಸರ್ ಸುರಿದೆವು. ನೊರೆ ಬಿಟ್ಟರೆ ಏನೂ ಕಾಣಲಿಲ್ಲ. ಎಲ್ಲಿ ತಪ್ಪಿತು?
— ವಿಜ್ಞಾನ ಶಿಕ್ಷಕಿ, ಬ್ರಹ್ಮಾವರ

ಉತ್ತರ: ತಪ್ಪಿದ್ದು ಎರಡು ಕಡೆ. ಲಿಕ್ವಿಡ್ ಹಾಕಿದ ಮೇಲೆ ಮಿಕ್ಸಿ ತಿರುಗಿಸಿದರೆ ನೊರೆ ಏಳುತ್ತದೆ, ಜೊತೆಗೆ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಸ್ಯಾನಿಟೈಸರಿನದು.

ಡಿಎನ್‌ಎಯ ಬೆನ್ನೆಲುಬು ಸಕ್ಕರೆ ಮತ್ತು ಫಾಸ್ಫೇಟ್ ಒಂದಾದ ಮೇಲೊಂದು ಕೂಡಿ ಆದದ್ದು. ಪ್ರತಿ ಫಾಸ್ಫೇಟಿನ ಮೇಲೂ ಋಣ ವಿದ್ಯುದಂಶ ಇರುವುದರಿಂದ ಅದು ನೀರಿನಲ್ಲಿ ಕರಗಿಯೇ ಇರುತ್ತದೆ. ಉಪ್ಪಿನಲ್ಲಿರುವ, ಧನ ವಿದ್ಯುದಂಶದ ಸೋಡಿಯಂ ಅಯಾನುಗಳು ಆ ಋಣಾಂಶವನ್ನು ಹಿಡಿದುಕೊಂಡರೆ ಮಾತ್ರ ಎಳೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ನೀರು ಹೆಚ್ಚಿರುವವರೆಗೆ ಈ ಹಿಡಿತ ಸಡಿಲ. ಆಲ್ಕೋಹಾಲ್ ಸೇರಿದಾಗ ಬಿಗಿಯಾಗುತ್ತದೆ. ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಸುಮಾರು 70 ಶೇಕಡಾ. ಸೋಸಿದ ರಸಕ್ಕೆ ಅಷ್ಟೇ ಪ್ರಮಾಣದಲ್ಲಿ ಬೆರೆಸಿದರೆ ಅದು 35ಕ್ಕೆ ಇಳಿಯುತ್ತದೆ. ಡಿಎನ್‌ಎ ಹೊರಬರಲು ಅಷ್ಟು ಸಾಲದು.

ಹೀಗೆ ಮಾಡಿ ನೋಡಿ. ಚೆನ್ನಾಗಿ ಕಳಿತ ಹಣ್ಣು 50 ಗ್ರಾಂ ತೆಗೆದುಕೊಂಡು, 100 ಮಿ.ಲೀ. ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ, ಅದರಲ್ಲಿ ಕೈಯಿಂದಲೇ ಹಿಸುಕಿ. ಆಮೇಲೆ ಎರಡು ಟೀ ಚಮಚ ಲಿಕ್ವಿಡ್ ಹಾಕಿ ನೊರೆ ಏಳದಂತೆ 10 ನಿಮಿಷ ನಿಧಾನವಾಗಿ ಕಲಕಿ. ಜೀವಕೋಶದ ಮತ್ತು ಅದರೊಳಗಿನ ಕೇಂದ್ರದ ಪೊರೆಗಳಲ್ಲಿರುವ ಕೊಬ್ಬನ್ನು ಸೋಪು ಬಿಡಿಸುವುದು ಈ ಹೊತ್ತಿನಲ್ಲೇ. ತೆಳು ಬಟ್ಟೆಯಲ್ಲಿ ಹಿಂಡದೆ ಸೋಸಿ. ಹಿಂಡಿದರೆ ತಿರುಳೂ ಇಳಿಯುತ್ತದೆ. ಪ್ರನಾಳದಲ್ಲಿ 10 ಮಿ.ಲೀ. ರಸ ತೆಗೆದುಕೊಂಡು, ಓರೆಯಾಗಿ ಹಿಡಿದು, 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ಪ್ರಮಾಣದಲ್ಲಿ ಗೋಡೆಗುಂಟ ಇಳಿಬಿಡಿ. ಬಾಟಲಿಯನ್ನು ಮೊದಲೇ ಮುಚ್ಚಳ ಬಿಗಿಮಾಡಿ ಐಸಿನಲ್ಲಿ ಇಟ್ಟಿರಿ. ಇದು ಬೇಗ ಬೆಂಕಿ ಹಿಡಿಯುವ ದ್ರವ, ಹತ್ತಿರ ದೀಪ, ಬರ್ನರ್ ಏನೂ ಇರಬಾರದು. ಎರಡು ದ್ರವಗಳು ಸೇರುವ ಅಂಚಿನಲ್ಲಿ ಕೆಲವೇ ನಿಮಿಷಗಳಲ್ಲಿ ಬಿಳಿ ಎಳೆಗಳು ಏಳುತ್ತವೆ, ಸಣ್ಣ ಗುಳ್ಳೆಗಳನ್ನು ಹಿಡಿದುಕೊಂಡು ಮೇಲಕ್ಕೆ ತೇಲುತ್ತವೆ.

ಮಕ್ಕಳಿಗೆ ಇನ್ನೊಂದು ಮಾತನ್ನೂ ಖಂಡಿತ ಹೇಳಬೇಕು: ಕಂಡ ಬಿಳಿಯೆಲ್ಲ ಡಿಎನ್‌ಎ ಅಲ್ಲ. ಬಾಳೆಹಣ್ಣಿನ ಪೆಕ್ಟಿನ್ (ಜೀವಕೋಶಗಳ ಗೋಡೆಯಲ್ಲಿರುವ ಅಂಟಿನಂಥ ವಸ್ತು) ಕೂಡ ಆಲ್ಕೋಹಾಲಿನಲ್ಲಿ ಹೀಗೆಯೇ ಹೊರಬರುತ್ತದೆ, ಒಂದಿಷ್ಟು ಪ್ರೋಟೀನೂ ಜೊತೆಗಿರುತ್ತದೆ. ಡಿಎನ್‌ಎ ಇದೆಯೆಂದು ಖಚಿತಪಡಿಸಲು ಹತ್ತಿರದ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಡೈಫಿನೈಲಮೀನ್ ಪರೀಕ್ಷೆ ಮಾಡಿಸಬಹುದು. ಡಿಎನ್‌ಎಯ ಡಿಆಕ್ಸಿರೈಬೋಸ್ ಸಕ್ಕರೆ ಇದ್ದರೆ, ಕುದಿಯುವ ನೀರಿನಲ್ಲಿಟ್ಟ ಪ್ರನಾಳ ನೀಲಿಗೆ ತಿರುಗುತ್ತದೆ. ಪೆಕ್ಟಿನ್‌ನಿಂದ ಆ ನೀಲಿ ಬರುವುದಿಲ್ಲ. ಪ್ರಬಲ ಆಮ್ಲ ಬಳಸುವ ಪರೀಕ್ಷೆಯಾದ್ದರಿಂದ ಶಾಲೆಯಲ್ಲಿ ಬೇಡ. 1869ರಲ್ಲಿ ಫ್ರೆಡ್ರಿಕ್ ಮೀಶರ್ ಗಾಯದ ಬಟ್ಟೆಯ ಕೀವಿನಿಂದ ಈ ವಸ್ತುವನ್ನು ಮೊದಲು ಬೇರ್ಪಡಿಸಿದಾಗಲೂ ಅದರ ಜೊತೆಗಿದ್ದ ಪ್ರೋಟೀನನ್ನು ಕಳೆಯುವುದೇ ದೊಡ್ಡ ಕೆಲಸವಾಗಿತ್ತು.

ಪ್ರಶ್ನೆ: ಬಂಗುಡೆ ಸ್ವಲ್ಪ ವಾಸನೆ ಹೊಡೆದರೆ ಹುಣಸೆಹುಳಿಯಲ್ಲಿ ತೊಳೆದು ಸಾರು ಮಾಡುತ್ತೇವೆ, ವಾಸನೆ ಹೋಗುತ್ತದೆ. ಹೀಗೆ ಮಾಡಿದರೆ ತಿನ್ನಬಹುದೇ?
— ಗೃಹಿಣಿ, ಬೋಳಾರ, ಮಂಗಳೂರು

ಉತ್ತರ: ಬೇಡ. ವಾಸನೆಗೆ ಕಾರಣ ಟ್ರೈಮೀಥೈಲಮೀನ್. ಕಡಲ ಮೀನಿನ ಮಾಂಸದಲ್ಲಿರುವ, ತಾನಾಗಿ ವಾಸನೆಯಿಲ್ಲದ ಒಂದು ವಸ್ತುವಿನಿಂದ ಬ್ಯಾಕ್ಟೀರಿಯಾಗಳು ಅದನ್ನು ಉಂಟುಮಾಡುತ್ತವೆ. ಹುಣಸೆ, ಪುನರ್ಪುಳಿ, ಲಿಂಬೆ ಯಾವುದರ ಹುಳಿಯಾದರೂ ಅದರ ನೈಟ್ರೋಜನ್ನಿಗೆ ಒಂದು ಪ್ರೋಟಾನ್ ಕೊಟ್ಟು ಅದನ್ನು ಲವಣವಾಗಿಸುತ್ತದೆ. ಲವಣ ಗಾಳಿಗೆ ಏರುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಮೀನು ಮಾತ್ರ ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟೇ ಕೆಟ್ಟಿರುತ್ತದೆ.

ಬಂಗುಡೆ, ಕೇದರ (ಟ್ಯೂನಾ) ಇಂಥ ಮೀನಿನಲ್ಲಿ ಹೆಚ್ಚು ಹೆದರಬೇಕಾದದ್ದು ಹಿಸ್ಟಮೀನಿಗೆ. ಇವುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ. ಬ್ಯಾಕ್ಟೀರಿಯಾದ ಕಿಣ್ವ ಅದರಿಂದ ಒಂದು ಕಾರ್ಬನ್ ಡೈಆಕ್ಸೈಡ್ ಕಳಚಿದರೆ ಉಳಿಯುವುದೇ ಹಿಸ್ಟಮೀನ್. ಕುದಿಸಿದರೂ, ಹುರಿದರೂ, ಫ್ರೀಜರಿನಲ್ಲಿಟ್ಟರೂ ಅದು ನಾಶವಾಗುವುದಿಲ್ಲ. ಊಟವಾದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು, ಎದೆಬಡಿತ ಶುರುವಾಗಬಹುದು. ಎಷ್ಟೋ ಜನ ಇದನ್ನು ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೀನಿನ ದಕ್ಕೆಯಿಂದಲೋ ಮಲ್ಪೆ ಬಂದರಿನಿಂದಲೋ ತರುವಾಗ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಇರಲಿ. ಮನೆಗೆ ಬಂದ ತಕ್ಷಣ ಕಿವಿರು, ಕರುಳು ತೆಗೆದು ತೊಳೆದು 4 ಡಿಗ್ರಿಗಿಂತ ಕೆಳಗಿಡಿ. ಫ್ರೀಜರಿನ ಮೀನನ್ನು ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬೇಡಿ, ಫ್ರಿಜ್ಜಿನೊಳಗೇ ಕರಗಲಿ. ಬ್ಯಾಕ್ಟೀರಿಯಾ ಸತ್ತರೂ ಅವು ಬಿಟ್ಟುಹೋದ ಕಿಣ್ವ ಬೆಚ್ಚಗಾದೊಡನೆ ಮತ್ತೆ ಕೆಲಸ ಮಾಡಬಲ್ಲದು.

ಪ್ರಶ್ನೆ: ಡಿಸೆಂಬರಿನಲ್ಲಿ ಬೆಳಿಗ್ಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಆಗುವುದಿಲ್ಲ. ತೆಂಗಿನೆಣ್ಣೆಗೆ ಮೇಣ ಬೆರೆಸಿದ್ದಾರೆಯೇ?
— ಓದುಗರು, ಕಾರ್ಕಳ

ಉತ್ತರ: ಶುದ್ಧ ತೆಂಗಿನೆಣ್ಣೆಯೂ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ: 12 ಕಾರ್ಬನ್ನಿನ ನೇರ ಸರಪಳಿ. ನೇರ ಸರಪಳಿಗಳು ಪಕ್ಕಪಕ್ಕದಲ್ಲಿ ಕಟ್ಟಿಗೆಯಂತೆ ಒತ್ತಾಗಿ ಜೋಡಿಕೊಳ್ಳುತ್ತವೆ. ಶೇಂಗಾ ಎಣ್ಣೆಯ ಓಲಿಯಿಕ್ ಆಮ್ಲದಲ್ಲಿ ನಡುವೆ ದ್ವಿಬಂಧವಿದ್ದು ಸರಪಳಿ ಬಾಗಿರುತ್ತದೆ, ಹಾಗೆ ಜೋಡಿಕೊಳ್ಳಲು ಆಗುವುದಿಲ್ಲ. ಆದರೆ ಗಟ್ಟಿಯಾದದ್ದರಿಂದಲೇ ಎಣ್ಣೆ ಶುದ್ಧ ಎನ್ನುವಂತೆಯೂ ಇಲ್ಲ. ತಾಳೆ ಬೀಜದ ತಿರುಳಿನ ಎಣ್ಣೆಯಲ್ಲೂ ಲಾರಿಕ್ ಆಮ್ಲ ಹೇರಳವಾಗಿದ್ದು ಅದೂ ಹೀಗೆಯೇ ಗಟ್ಟಿಯಾಗುತ್ತದೆ. ಕಲಬೆರಕೆಯ ಸಂಶಯವಿದ್ದರೆ ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲೇ ನೋಡಿಸಬೇಕು.