ಊರಿನ ಲೀಗೋ, ಖಂಡದ ಕಪ್ಪೋ?

ಪ್ರಶ್ನೆ: 2025ರ ಮೇ ತಿಂಗಳಲ್ಲಿ ಬೋರ್ಡೊ ತಂಡ ಯುರೋಪಿನ ರಗ್ಬಿ ಚಾಂಪಿಯನ್ಸ್ ಕಪ್ ಗೆದ್ದಿತು. ಮುಂದಿನ ತಿಂಗಳೇ ಫ್ರಾನ್ಸ್ ಲೀಗಿನ ಫೈನಲ್‌ನಲ್ಲಿ ತುಲೂಸ್‌ಗೆ ಸೋತಿತು. ಅಲ್ಲಿನ ಅಭಿಮಾನಿಗಳ ಬರಹ ಓದಿದರೆ ಮೊದಲಿನ ಗೆಲುವಿಗಿಂತ ಎರಡನೆಯ ಸೋಲೇ ದೊಡ್ಡದು ಎಂಬಂತಿದೆ. ಇಡೀ ಖಂಡವನ್ನೇ ಗೆದ್ದವರಿಗೆ ದೇಶದ ಲೀಗ್ ಯಾಕೆ ಅಷ್ಟು ಮುಖ್ಯ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನೀವು ಸರಿಯಾಗಿಯೇ ಗಮನಿಸಿದ್ದೀರಿ. ಆ ಜೂನ್ ರಾತ್ರಿ ಮಂಗಳೂರಿನಲ್ಲಿ ಮಳೆ ಹೊಯ್ಯುತ್ತಿರುವಾಗ, ಹನ್ನೆರಡೂವರೆ ದಾಟಿದ ಮೇಲೆ ಶುರುವಾದ ಆ ಫೈನಲ್ಲನ್ನು ನಾನೂ ಕೂತು ನೋಡಿದವಳು. ಹೆಚ್ಚುವರಿ ಸಮಯಕ್ಕೆ ಹೋಗಿ 39–33ರಲ್ಲಿ ತುಲೂಸ್ ಗೆದ್ದಿತು. ಬೋರ್ಡೊ ಆಟಗಾರರು ಮೈದಾನದಲ್ಲೇ ಕುಸಿದು ಕೂತರು. ಐದು ವಾರದ ಹಿಂದೆ ಕಾರ್ಡಿಫ್‌ನಲ್ಲಿ ನಾರ್ತಾಂಪ್ಟನ್ ತಂಡವನ್ನು 28–20ರಲ್ಲಿ ಸೋಲಿಸಿ ಯುರೋಪಿನ ರಾಜರಾದವರು ಇವರೇ.

ಫ್ರಾನ್ಸಿನಲ್ಲಿ ಲೀಗ್ ಗೆದ್ದವರಿಗೆ ಕೊಡುವುದು ಕಪ್ ಅಲ್ಲ, ಒಂದು ಗುರಾಣಿ. ಮರದ ಹಲಗೆಗೆ ಲೋಹದ ತಗಡು ಹೊಡೆದ ಬ್ರೆನ್ನುಸ್ ಗುರಾಣಿ. ಅದಕ್ಕಾಗಿ ಮೊದಲ ಫೈನಲ್ ನಡೆದದ್ದು 1892ರಲ್ಲಿ. ಅಂದಿನ ರೆಫ್ರಿ ಯಾರು ಗೊತ್ತುಂಟಾ? ಮುಂದೆ ಒಲಿಂಪಿಕ್ಸ್‌ಗೆ ಮರುಜೀವ ಕೊಟ್ಟ ಪಿಯರ್ ದ ಕೂಬರ್ತಾನ್. ಯುರೋಪ್ ಕಪ್ ಹುಟ್ಟಿದ್ದು 1995ರಲ್ಲಿ. ಒಂದು ಶತಮಾನದಷ್ಟು ಅಂತರ. ಅಜ್ಜ ನೋಡಿ ಅತ್ತ ಗುರಾಣಿಯನ್ನೇ ಮೊಮ್ಮಗನೂ ನೋಡಿ ಅಳುತ್ತಾನೆ. ಕ್ಲೆರ್ಮೊಂ ಊರಿನವರು 1936ರಿಂದ 2009ರ ತನಕ ಹತ್ತು ಫೈನಲ್ ಆಡಿ ಹತ್ತರಲ್ಲೂ ಸೋತಿದ್ದರು, ಕೊನೆಯ ಮೂರಂತೂ ಸತತ ಮೂರು ವರ್ಷ. 2010ರಲ್ಲಿ ಪರ್ಪಿನ್ಯಾಂ ತಂಡವನ್ನು 19–6ರಲ್ಲಿ ಸೋಲಿಸಿ ಗುರಾಣಿಯನ್ನು ಮನೆಗೆ ತಂದಾಗ ಆ ಊರಿನ ಚೌಕದಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಜನ ಪ್ರೀತಿಸುವುದಿಲ್ಲ. ಫ್ರಾನ್ಸ್ ಲೀಗಿನಲ್ಲಿ 14 ತಂಡ, 26 ಸುತ್ತು. ಕಟ್ಟಕಡೆಗೆ ಬಂದ ತಂಡ ನೇರ ಕೆಳಗಿನ ದರ್ಜೆಗೆ ಇಳಿಯುತ್ತದೆ. 13ನೆಯದು ಕೆಳಗಿನ ದರ್ಜೆಯ ತಂಡದ ಜೊತೆ ಒಂದು ಪಂದ್ಯ ಆಡಿ ಜೀವ ಉಳಿಸಿಕೊಳ್ಳಬೇಕು. ಬ್ರಿಟನಿ ಪ್ರಾಂತದಿಂದ ಮೊದಲ ಬಾರಿಗೆ ಮೇಲೆ ಬಂದ ವಾನ್ ಎಂಬ ತಂಡ 2025ರಲ್ಲಿ ಒಂದೇ ವರ್ಷಕ್ಕೆ ಕೆಳಗಿಳಿಯಿತು. ಹಾಗಿರುವಾಗ ಡಿಸೆಂಬರ್‌ನ ಚಳಿಯಲ್ಲಿ ಯುರೋಪ್ ಪಂದ್ಯಕ್ಕೆ ಪ್ರಮುಖ ಆಟಗಾರರನ್ನು ಕಳಿಸಿ, ಅವರು ಗಾಯಗೊಂಡು, ಮುಂದಿನ ಶನಿವಾರದ ಲೀಗ್ ಪಂದ್ಯ ಕೈತಪ್ಪಿದರೆ ಕೋಚ್ ಯಾರಿಗೆ ಉತ್ತರ ಹೇಳಬೇಕು? ಕಾಸ್ತ್ರ್ ಊರನ್ನು ನೋಡಿ. ಸುಮಾರು 40 ಸಾವಿರ ಜನಸಂಖ್ಯೆ, ನಮ್ಮ ಉಡುಪಿಗಿಂತ ಎಷ್ಟೋ ಚಿಕ್ಕದು. ಯುರೋಪಿನಲ್ಲಿ ಎರಡನೇ ಸಾಲಿನ ಆಟಗಾರರನ್ನು ಇಳಿಸುತ್ತಾರೆಂದು ಅವರನ್ನು ಬೈದವರು ಎಷ್ಟು ಮಂದಿ! ಆದರೆ 2013ರಲ್ಲಿ, ಮತ್ತೆ 2018ರಲ್ಲಿ ಅವರು ಗುರಾಣಿ ಗೆದ್ದರು. ಬೈದವರ ಹತ್ತಿರ ಅದಕ್ಕೆ ಉತ್ತರ ಇಲ್ಲ.

ಇದಕ್ಕೆ ಎದುರಾಗಿ ಲಾ ರೊಶೆಲ್ ತಂಡವನ್ನು ಇಡುತ್ತೇನೆ. ಅದು ಅಟ್ಲಾಂಟಿಕ್ ತೀರದ ಬಂದರು ಊರು. 2022, 2023 ಎರಡೂ ವರ್ಷ ಯುರೋಪ್ ಕಪ್ ಅವರದು. ಗುರಾಣಿ ಇಲ್ಲಿಯವರೆಗೆ ಒಮ್ಮೆಯೂ ಬಂದಿಲ್ಲ. 2023ರ ಲೀಗ್ ಫೈನಲ್‌ನಲ್ಲಿ ಇನ್ನು ಎರಡು ನಿಮಿಷ ತಡೆದಿದ್ದರೆ ಸಾಕಿತ್ತು. ತುಲೂಸ್‌ನ ರೊಮೆ ಎನ್ತಮಾಕ್ ತನ್ನ ಅರ್ಧದಿಂದಲೇ ಚೆಂಡು ಹಿಡಿದು ಓಡಿ ಟ್ರೈ ಹೊಡೆದ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದ. 29–26. ಎರಡು ಯುರೋಪ್ ಕಪ್ ಇದ್ದೂ ಆ ಊರಿಗೆ ಏನೋ ಬಾಕಿ ಉಳಿದಿದೆ ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಯಾಕೆಂದರೆ ನಾನಿದ್ದ ಊರಿನಲ್ಲಿ ಲೆಕ್ಕ ಪೂರ್ತಿ ಉಲ್ಟಾ ಇತ್ತು. ಐರ್ಲೆಂಡಿನ ಲಿಮೆರಿಕ್‌ನಲ್ಲಿ ನಾನು ನರ್ಸ್ ಆಗಿ ದುಡಿದವಳು. ರಗ್ಬಿ ಕಲಿತದ್ದು ವಾರ್ಡಿನ ರೋಗಿಗಳಿಂದ. ಅಲ್ಲಿಯ ತಂಡ ಮನ್‌ಸ್ಟರ್. ಆಗ ಅವರ ಲೀಗಿನಲ್ಲಿ ಕೆಳಗಿಳಿಯುವ ಭಯವೇ ಇಲ್ಲ. ಪ್ರಮುಖ ಆಟಗಾರರ ಒಪ್ಪಂದ ಐರಿಷ್ ರಗ್ಬಿ ಸಂಸ್ಥೆಯ ಕೈಯಲ್ಲಿ. ದೇಶದ ತಂಡಕ್ಕಾಗಿ ಅವರನ್ನು ಉಳಿಸಿಕೊಳ್ಳಬೇಕೆಂದು ಲೀಗ್ ಪಂದ್ಯಗಳಲ್ಲಿ ವಿಶ್ರಾಂತಿ ಕೊಡುತ್ತಿದ್ದರು. ಟಿಕೆಟ್ ಕೊಟ್ಟು ಬಂದವರಿಗೆ ಅರ್ಧ ತಂಡ ನೋಡಲು ಸಿಗುತ್ತಿತ್ತು. ಯುರೋಪ್ ಪಂದ್ಯಕ್ಕೆ ಮಾತ್ರ ಎಲ್ಲರೂ ಇಳಿಯುತ್ತಿದ್ದರು. ಹಾಗಾಗಿ ಲಿಮೆರಿಕ್‌ನ ಹೃದಯ ಇದ್ದದ್ದು ಯುರೋಪ್ ಕಪ್‌ನಲ್ಲಿ.

2003ರ ಜನವರಿಯಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ತಂಡ ಯುರೋಪ್ ಕಪ್ ಪಂದ್ಯಕ್ಕೆ ಲಿಮೆರಿಕ್‌ನ ನಮ್ಮ ಮೈದಾನ ಥಾಮಂಡ್ ಪಾರ್ಕಿಗೆ ಬಂತು. ಮುಂದಿನ ಹಂತಕ್ಕೆ ಹೋಗಲು ಮನ್‌ಸ್ಟರ್ ನಾಲ್ಕು ಟ್ರೈ ಹೊಡೆಯಬೇಕು, 27 ಅಂಕಗಳ ಅಂತರದಿಂದ ಗೆಲ್ಲಬೇಕು. ಆಗದ ಮಾತು ಎಂದೇ ಎಲ್ಲರೂ ಹೇಳಿದ್ದರು. ಕೊನೆಯ ಟ್ರೈ, ಅದರ ಮೇಲೆ ರೋನನ್ ಒಗಾರನ ಕಿಕ್, 33–6. ಸರಿಯಾಗಿ 27! ಆ ಮೈದಾನದಲ್ಲಿ ಒಂದು ಪದ್ಧತಿ ಉಂಟು: ಕಿಕ್ ಹೊಡೆಯಲು ನಿಂತವನು ನಮ್ಮವನಾಗಲಿ, ಎದುರಾಳಿಯಾಗಲಿ, ಸಾವಿರಾರು ಜನ ಉಸಿರು ಬಿಗಿಹಿಡಿದು ಸುಮ್ಮನಿರುತ್ತಾರೆ. ಅಂಥ ಮರ್ಯಾದೆಯನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

2000ದಲ್ಲಿ 9–8ರಿಂದ ಫೈನಲ್ ಸೋತವರು, 2002ರಲ್ಲಿ ಮತ್ತೆ ಸೋತವರು, 2006ರ ಮೇ 20ರಂದು ಕಾರ್ಡಿಫ್‌ನಲ್ಲಿ ಫ್ರಾನ್ಸಿನ ಬಿಯಾರಿಟ್ಸ್ ವಿರುದ್ಧ ಮನ್‌ಸ್ಟರ್‌ನವರು ಯುರೋಪ್ ಕಪ್ ಫೈನಲ್ ಆಡುತ್ತಿದ್ದರು. ಪಂದ್ಯದ ನಡುವೆ ಕ್ರೀಡಾಂಗಣದ ದೊಡ್ಡ ಪರದೆಯಲ್ಲಿ ಲಿಮೆರಿಕ್‌ನ ಒಕಾನಲ್ ಬೀದಿಯಲ್ಲಿ ಸೇರಿದ ಜನಸಾಗರವನ್ನು ತೋರಿಸಿದರು. ಆ ಬೀದಿಯಲ್ಲಿ ನಾನೂ ಇದ್ದೆ, ಪಕ್ಕದಲ್ಲಿ ಕೊಟ್ಟಾಯಂನ, ಶಿರ್ವದ ನರ್ಸ್‌ಗಳು. ನಮ್ಮನ್ನೇ ನಾವು ಪರದೆಯಲ್ಲಿ ಕಂಡಾಗ ಎದ್ದ ಕೂಗು ಕಾರ್ಡಿಫ್‌ಗೆ ಕೇಳಿಸಿರಬೇಕು. 23–19. ಅಪರಿಚಿತ ಅಜ್ಜಿಯೊಬ್ಬರು ನನ್ನನ್ನು ಅಪ್ಪಿಕೊಂಡು ಅತ್ತರು. ಪರದೇಶದವಳು ಎಂಬ ಭಾವನೆ ನನ್ನನ್ನು ಬಿಟ್ಟುಹೋದದ್ದು ಆ ಸಂಜೆ.

ಹಾಗಾದರೆ ಯಾವುದು ದೊಡ್ಡದು? ಸೋತರೆ ನಿಮ್ಮಿಂದ ಏನು ಹೋಗುತ್ತದೆ ಎಂದು ಕೇಳಿ. ಅಭಿಮಾನಿ ಬೆಲೆ ಕಟ್ಟುವುದು ಅದನ್ನು ನೋಡಿ, ಭೂಪಟ ನೋಡಿ ಅಲ್ಲ. ಅಂದಿನ ಯುರೋಪ್ ಕಪ್‌ನಲ್ಲಿ 24 ತಂಡ, ನಾಲ್ಕು ನಾಲ್ಕರ ಆರು ಗುಂಪು. ಪ್ರತಿಯೊಬ್ಬ ಎದುರಾಳಿಯ ಜೊತೆ ನಮ್ಮೂರಲ್ಲೊಮ್ಮೆ, ಅವರೂರಲ್ಲೊಮ್ಮೆ. ಎಂಟು ತಂಡ ಮಾತ್ರ ಮುಂದೆ. ಡಿಸೆಂಬರ್‌ನಲ್ಲಿ ಒಂದೇ ತಂಡದ ಜೊತೆ ಬೆನ್ನುಬೆನ್ನಿಗೆ ಎರಡು ವಾರ ಆಡುವಾಗ ಮೊದಲ ವಾರದ ಸಿಟ್ಟು ಎರಡನೇ ವಾರಕ್ಕೆ ಹಾಗೆಯೇ ಉಳಿದಿರುತ್ತಿತ್ತು. ಈಗಲೂ 24 ತಂಡವೇ. ಆದರೆ ಆರು ಆರರ ನಾಲ್ಕು ಗುಂಪು, ತಂಡಕ್ಕೆ ನಾಲ್ಕೇ ಪಂದ್ಯ, ಮುಂದೆ ಹೋಗುವವರು 16! ಎರಡು ಪಂದ್ಯ ಸೋತರೂ ದಾರಿ ಮುಚ್ಚುವುದಿಲ್ಲ. ಇಷ್ಟು ಸಲೀಸಾದ ಮೇಲೆ ಪ್ರಮುಖರನ್ನು ಮನೆಯಲ್ಲಿ ಬಿಟ್ಟು ಬರುವ ಕೋಚ್‌ನನ್ನು ಹೇಗೆ ದೂರುವುದು? ಆ ಕಪ್ಪಿನ ತೂಕ ಕಡಿಮೆ ಮಾಡಿದವರು ಅದನ್ನು ನಡೆಸುವವರೇ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಪ್ರಶ್ನೆ: ಮನ್‌ಸ್ಟರ್ 2023ರಲ್ಲಿ ಲೀಗ್ ಗೆದ್ದಾಗ ನೀವು ಊರಿಗೆ ಮರಳಿಯಾಗಿತ್ತು. ಆ ಗೆಲುವನ್ನು 2006ರ ಪಕ್ಕದಲ್ಲಿ ಇಡುತ್ತೀರಾ?
— ಗೃಹಿಣಿ, ಬಿಜೈ

ಉತ್ತರ: ಇಡುತ್ತೇನೆ. ಕಾರಣ, ಆ ಲೀಗ್ ಈಗ ಹಳೆಯ ಲೀಗ್ ಅಲ್ಲ. 2021ರಿಂದ ದಕ್ಷಿಣ ಆಫ್ರಿಕಾದ ನಾಲ್ಕು ದೊಡ್ಡ ತಂಡಗಳು ಸೇರಿ ಒಟ್ಟು 16 ಆದವು. ಮೊದಲ ವರ್ಷವೇ ಕೇಪ್‌ಟೌನಿನ ಸ್ಟಾರ್ಮರ್ಸ್ ಪ್ರಶಸ್ತಿ ಹೊತ್ತೊಯ್ದರು. 2023ರಲ್ಲಿ ಮನ್‌ಸ್ಟರ್ ಐದನೇ ಸ್ಥಾನದಲ್ಲಿ ಮುಗಿಸಿದ್ದರಿಂದ ನಾಕೌಟ್ ಪಂದ್ಯಗಳೆಲ್ಲ ಪರರ ಮೈದಾನದಲ್ಲಿ. ಗ್ಲಾಸ್ಗೋದಲ್ಲಿ ಗೆದ್ದರು. ಡಬ್ಲಿನ್‌ನಲ್ಲಿ ಲೆನ್‌ಸ್ಟರ್ ವಿರುದ್ಧ ಜ್ಯಾಕ್ ಕ್ರೌಲಿ ಕೊನೆಗಳಿಗೆಯಲ್ಲಿ ಡ್ರಾಪ್ ಗೋಲ್ (ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುತ್ತಲೇ ಕಂಬಗಳ ನಡುವೆ ಒದೆಯುವುದು) ಹೊಡೆದ. ಫೈನಲ್ ಕೇಪ್‌ಟೌನಿನಲ್ಲಿ, 19–14. 2011ರ ನಂತರ ಬಂದ ಮೊದಲ ಟ್ರೋಫಿ ಅದು. ಬಿಜೈಯ ನಮ್ಮ ಮನೆಯಲ್ಲಿ ಫೋನಿನ ಮುಂದೆ ಕೂತ ನಾನು, ಲಿಮೆರಿಕ್‌ನ ಗೆಳತಿಗೆ ಕರೆ ಮಾಡಿದಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಇವತ್ತು ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಲೀಗನ್ನೇ ಆರಿಸುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಹೀಗೆ ಹೇಳುತ್ತಿರಲಿಲ್ಲ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಐಪಿಎಲ್ ಗೆದ್ದವರು ಬೇರೆ ದೇಶದ ಚಾಂಪಿಯನ್ನರ ಜೊತೆ ಆಡುವ ಟೂರ್ನಿ ಯಾಕಿಲ್ಲ?
— ಆರ್‌ಸಿಬಿ ಅಭಿಮಾನಿ, ಉಡುಪಿ

ಉತ್ತರ: ಇತ್ತು. 2009ರಿಂದ 2014ರ ತನಕ ಚಾಂಪಿಯನ್ಸ್ ಲೀಗ್ ಟ್ವೆಂಟಿ-20 ನಡೆಯಿತು, 2015ರಲ್ಲಿ ನಿಲ್ಲಿಸಿದರು. ನಿಮ್ಮ ಆರ್‌ಸಿಬಿ 2011ರಲ್ಲಿ ಅದರ ಫೈನಲ್ ತನಕ ಹೋಗಿತ್ತು. ಚಿನ್ನಸ್ವಾಮಿಯಲ್ಲಿ ಸೌತ್ ಆಸ್ಟ್ರೇಲಿಯಾ ವಿರುದ್ಧ ಅರುಣ್ ಕಾರ್ತಿಕ್ ಕೊನೆಯ ಎಸೆತಕ್ಕೆ ಸಿಕ್ಸರ್ ಹೊಡೆದದ್ದು ಅದೇ ಟೂರ್ನಿಯಲ್ಲಿ. ಅಂಥ ಪಂದ್ಯ ಆಡಿದರೂ ಜನರ ಮನಸ್ಸಿಗೆ ಅದು ಇಳಿಯಲಿಲ್ಲ. ಒಬ್ಬನೇ ಆಟಗಾರ ಎರಡು ತಂಡಕ್ಕೆ ಅರ್ಹನಾಗಿ ಒಂದನ್ನು ಆರಿಸಿಕೊಳ್ಳುತ್ತಿದ್ದ. ಎದುರಿಗೆ ನಿಂತವರ ಮೇಲೆ ಹಳೆಯ ಹಗೆ ಇರಲಿಲ್ಲ. ಚೆನ್ನೈ ವಿರುದ್ಧ ಸೋತರೆ ನಿಮಗೆ ಊಟ ಸೇರುವುದಿಲ್ಲ ಅಲ್ಲವೇ? 18ನೇ ಋತುವಿನಲ್ಲಿ, 2025ರ ಜೂನ್ 3ರಂದು ಪಂಜಾಬ್ ವಿರುದ್ಧ ಆರು ರನ್ನಿನಿಂದ ಬಂದ ಕಪ್ಪಿಗೆ ಇರುವ ತೂಕ ಎಲ್ಲಿಂದ ಬಂತು ಎಂದು ನಿಮಗೇ ಗೊತ್ತು.

ಹಾಗೆಂದು ಖಂಡದ ಟೂರ್ನಿ ನಮ್ಮವರಿಗೆ ಒಗ್ಗುವುದಿಲ್ಲ ಎಂದುಕೊಳ್ಳಬೇಡಿ. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ ಏಷ್ಯಾದ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ಸೇರಿತು. ಎರಡು ಗೋಲು ಸುನಿಲ್ ಚೆಟ್ರಿಯದು. ಆ ಹಂತ ಮುಟ್ಟಿದ ಭಾರತದ ಮೊದಲ ಕ್ಲಬ್ ಅದು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್‌ಗೆ 0–1ರಲ್ಲಿ ಸೋತದ್ದನ್ನು ಬೆಂಗಳೂರಿನ ಫುಟ್‌ಬಾಲ್ ಪ್ರಿಯರು ಇವತ್ತಿಗೂ ನೆನೆಯುತ್ತಾರೆ.

ಪ್ರಶ್ನೆ: ರಗ್ಬಿಗೂ ಭಾರತಕ್ಕೂ ಹಳೆಯ ನಂಟು ಏನಾದರೂ ಉಂಟೇ?
— ನಿವೃತ್ತ ಶಿಕ್ಷಕರು, ಮಲ್ಪೆ

ಉತ್ತರ: ಉಂಟು ಸರ್. ಇಂಗ್ಲೆಂಡ್–ಸ್ಕಾಟ್ಲೆಂಡ್ ಪ್ರತಿ ವರ್ಷ ಆಡುವುದು ಕಲ್ಕತ್ತಾ ಕಪ್‌ಗಾಗಿ. 1870ರ ದಶಕದಲ್ಲಿ ಕಲ್ಕತ್ತೆಯ ರಗ್ಬಿ ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಪ್ ಅದು. ಹಿಡಿಕೆಗಳು ನಾಗರಹಾವಿನ ಆಕಾರ, ಮುಚ್ಚಳದ ಮೇಲೆ ಆನೆ. ಮೊದಲ ಪಂದ್ಯ 1879ರಲ್ಲಿ.

ಪ್ರಶ್ನೆ: ನಮ್ಮ ದೇಶದ ರಗ್ಬಿ ಲೀಗನ್ನು ಜನ ಮೆಚ್ಚಿಕೊಳ್ಳುತ್ತಾರಾ?
— ಕಾಲೇಜು ಕಬಡ್ಡಿ ಆಟಗಾರ್ತಿ, ಕಾರ್ಕಳ

ಉತ್ತರ: 2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು. ತಂಡಕ್ಕೆ ಏಳು ಆಟಗಾರರ ಮಾದರಿ, ಆರು ತಂಡ. ಚೆನ್ನೈ ಬುಲ್ಸ್ ಗೆದ್ದಿತು. ನಮ್ಮ ಕಡೆಯಿಂದ ಬೆಂಗಳೂರು ಬ್ರೇವ್‌ಹಾರ್ಟ್ಸ್ ಇತ್ತು. ಆಟ ಚೆನ್ನಾಗಿತ್ತು, ವಿದೇಶದ ದೊಡ್ಡ ಆಟಗಾರರೂ ಬಂದಿದ್ದರು. ಆದರೆ ಎಲ್ಲ ಪಂದ್ಯವೂ ಮುಂಬೈಯ ಅಂಧೇರಿಯಲ್ಲಿ. ಬೆಂಗಳೂರಿನ ಹೆಸರು ಹೊತ್ತ ತಂಡವನ್ನು ಬೆಂಗಳೂರಿನವರು ತಮ್ಮ ಮೈದಾನದಲ್ಲಿ ನೋಡುವ ಹಾಗೆ ಇರಲಿಲ್ಲ. ಆರಂಭದ ಖರ್ಚು ನನಗೂ ಅರ್ಥವಾಗುತ್ತದೆ. ಆದರೂ ಒಂದೆರಡು ಪಂದ್ಯವನ್ನು ಕಂಠೀರವಕ್ಕೆ ತರಲಿ, ಸೋಲಲಿ ಗೆಲ್ಲಲಿ, ಊರಿನವರ ಎದುರು ಆಡಲಿ. ನೀವು ಕಬಡ್ಡಿ ಆಡುವವರು ಎಂದಿದ್ದೀರಿ, ಹಾಗಾಗಿ ಇನ್ನೊಂದು ಮಾತು: ಎದುರಾಳಿಯ ಕಾಲು ಹಿಡಿದು ಬೀಳಿಸುವ ನಿಮ್ಮ ಕೈ ಟ್ಯಾಕಲ್‌ಗೆ ಈಗಾಗಲೇ ಅರ್ಧ ಸಿದ್ಧ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹತ್ತಿರ ಏಳರ ರಗ್ಬಿ ಬಗ್ಗೆ ಕೇಳಿ ನೋಡಿ, ಅವರು ಏನಂದರು ಎಂದು ನನಗೆ ಬರೆಯಿರಿ.