ಹಳೇ ಗೋಡೆ ಮೇಲಿನ ಬೋರ್ಡ್ ನೋಡಿ ಕಟ್ಟಡದ ಕಾಲ ಹಿಡಿಯೋದು

ಸರ್, ಫ್ಲೆಕ್ಸ್ ತೆಗೆದ ಜಾಗದಲ್ಲಿ ಎರಡು ಹೆಸರು ಒಂದರ ಮೇಲೊಂದು ಕಾಣ್ತಿದೆ, ಯಾವ್ದು ಹಳೇದು, ಕಟ್ಟಡಕ್ಕೆ ಎಷ್ಟು ವರ್ಷ ಆಗಿರ್ಬಹುದು ಅಂತ ಕೇಳಿದೀರಲ್ಲ, ಫೋಟೋ ದೊಡ್ಡದು ಮಾಡ್ಕೊಂಡು ನೋಡ್ದೆ. ಬೋರ್ಡು ಹೇಳೋದು ಅಲ್ಲಿ ಯಾರಿದ್ರು ಅಂತ, ಕಟ್ಟಿದ್ದು ಯಾವಾಗ ಅಂತಲ್ಲ. ಆದ್ರೆ ಬೋರ್ಡ್ ಬರೆದ ಕಾಲ ಗೊತ್ತಾದ್ರೆ ಕಟ್ಟಡ ಅದಕ್ಕೂ ಮುಂಚಿನದು ಅನ್ನೋದಂತೂ ಗ್ಯಾರಂಟಿ.

ಎದ್ದು ಕಾಣೋದೇ ಹೊಸದು ಅಂದ್ಕೋಬೇಡಿ. ಹಿಂದೆ ಬಿಳಿ ಪೇಂಟಲ್ಲಿ ಸೀಸ ಇರ್ತಿತ್ತು, ಅದು ಇಟ್ಟಿಗೆಗೆ ಕಚ್ಕೊಂಡು ಕೂರುತ್ತೆ, ಮೇಲೆ ಬಳಿದಿದ್ದು ಸವೆದು ಅಡಿಯಲ್ಲಿದ್ದ ಹಳೇದೇ ವಾಪಸ್ ಕಾಣಕ್ಕೆ ಶುರುವಾಗುತ್ತೆ. ಎರಡು ಹೆಸರಿನ ಅಕ್ಷರ ಒಂದನ್ನೊಂದು ದಾಟೋ ಜಾಗ ಹತ್ತಿರದಿಂದ ನೋಡಿ, ಚಕ್ಕೆ ಎದ್ದಿರೋ ಕಡೆ ಒಳಗಿಂದ ಇಣುಕೋ ಬಣ್ಣ ಯಾವ್ದೋ ಅದು ಹಳೇದು. ಮಳೆ ನಿಂತ ತಕ್ಷಣ ಗೋಡೆ ಒದ್ದೆ ಇರೋವಾಗ ಮಾಸಿದ ಪೇಂಟ್ ಚೆನ್ನಾಗಿ ಓದಕ್ಕಾಗುತ್ತೆ, ಗಾರೆಯ ಉಬ್ಬಕ್ಷರ, ಕಿತ್ತು ಹಾಕಿದ ಲೋಹದಕ್ಷರದ ಮೊಳೆ ತೂತು ಇವಕ್ಕೆ ಗೋಡೆಗೆ ಓರೆಯಾಗಿ ಬೀಳೋ ಬಿಸಿಲು ಬೇಕು. ದಯವಿಟ್ಟು ಬ್ರಷ್ ಹಾಕಿ ಉಜ್ಜಬೇಡಿ, ಅಕ್ಷರನೂ ಹೋಗುತ್ತೆ, ಸೀಸದ ಧೂಳು ಮೂಗಿಗೆ ಹೋದ್ರೆ ವಿಷ.

ನಿಮ್ಮ ಫೋಟೋದಲ್ಲಿ ಕೆಳಗಡೆ ಸಣ್ಣದಾಗಿ ನಾಲ್ಕಂಕಿ ಫೋನ್ ನಂಬರ್ ಇದೆ ನೋಡಿ, ನನಗೆ ಹೆಸರಿಗಿಂತ ಅದೇ ಮುಖ್ಯ. ಹಳೇ ಟೆಲಿಫೋನ್ ಡೈರೆಕ್ಟರಿ ವರ್ಷವರ್ಷದ್ದು ತಿರುವಿದ್ರೆ ಆ ಹೆಸರಿಗೆ ಆ ನಂಬರ್ ಯಾವಾಗ ಬಂತು, ಯಾವಾಗ ಹೋಯ್ತು ಅಂತ ಸಿಗುತ್ತೆ. ವಿಳಾಸದಲ್ಲಿ ಆರಂಕಿ ಪಿನ್ ಕೋಡ್ ಇದ್ರೆ ಬೋರ್ಡು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಅಮೆರಿಕದ ಐದಂಕಿ ಜಿಪ್ ಕೋಡ್ ಆದ್ರೆ 1963. ಕೋಡ್ ಇಲ್ಲ ಅಂದ ಮಾತ್ರಕ್ಕೆ ಹಳೇದು ಅಂತ ತೀರ್ಮಾನ ಮಾಡ್ಬೇಡಿ, ಎಷ್ಟೋ ಜನ ಬರೆಸ್ತಾನೇ ಇರ್ಲಿಲ್ಲ.

ಮೇಲ್ಗಡೆ ಗಾರೆಯಲ್ಲಿ ಇಸವಿ ಇದ್ರೂ ಹುಷಾರು, 'ಸ್ಥಾಪನೆ' ಅಂತ ಜೊತೆಗಿದ್ರೆ ಅದು ವ್ಯಾಪಾರ ಶುರುವಾದ ವರ್ಷ, ಆಮೇಲೆ ಈ ಕಟ್ಟಡಕ್ಕೆ ಬಂದಿರ್ಬಹುದು. ಆಸ್ತಿ ತೆರಿಗೆ ರಿಜಿಸ್ಟರ್ ಜೊತೆ ತಾಳೆ ನೋಡಿ, ಅಮೆರಿಕದ ಊರುಗಳಿಗೆ 1867ರಲ್ಲಿ ಶುರುವಾದ ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮೆ ನಕ್ಷೆಗಳಿವೆ, ಗೋಡೆ ಇಟ್ಟಿಗೆದಾ ಮರದ್ದಾ ಅಂತ ಕೂಡ ಗುರುತು ಮಾಡಿರ್ತಾರೆ. ಅಕ್ಕಪಕ್ಕದ ಅಂಗಡಿ ಹೆಸರೂ ಬರ್ಕೊಳ್ಳಿ, ಡೋರ್ ನಂಬರ್ ಬದಲಾಗಿದ್ರೆ ದಾಖಲೆಯಲ್ಲಿ ಜಾಗ ಗುರುತಿಸೋದು ಅದ್ರಿಂದಲೇ. ಅಕ್ಷರ ದಾಟೋ ಜಾಗದ ಕ್ಲೋಸಪ್ ಒಂದು ಹಾಕಿ, ನೋಡಿ ಹೇಳ್ತೀನಿ.