ಅರಸೀಕೆರೆಯಲ್ಲಿ ಇಂಜಿನ್ ದಿಕ್ಕು ಬದಲಾಗುವುದೇಕೆ?

ಪ್ರಶ್ನೆ: ಹಿಂದೆ ಬೆಂಗಳೂರಿನಿಂದ ತಿಪಟೂರು ಮಾರ್ಗವಾಗಿ ಹಾಸನ, ಮಂಗಳೂರಿಗೆ ಹೋಗುವ ರೈಲು ಅರಸೀಕೆರೆಯಲ್ಲಿ ಬಹಳ ಹೊತ್ತು ನಿಂತು, ಬಂದ ದಿಕ್ಕಿಗೇ ತಿರುಗಿ ಹೊರಡುತ್ತಿತ್ತು. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲಿಗೆ ಈ ತೊಂದರೆಯಿಲ್ಲ. ಕಾರಣವೇನು?
– ಓದುಗರೊಬ್ಬರು, ತಿಪಟೂರು

ಉತ್ತರ: ಹಳಿಗಳು ಕೂಡುವ ರೀತಿಯೇ ಇದಕ್ಕೆ ಕಾರಣ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿರುವ ಅರಸೀಕೆರೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ, 1918ರಲ್ಲಿ, ಮೈಸೂರಿನಿಂದ ಹಾಸನದ ಮೂಲಕ ಮೀಟರ್ ಗೇಜ್ ಹಳಿ ಬಂದು ಸೇರಿತು. ಆ ಹಳಿ ನಿಲ್ದಾಣವನ್ನು ಸೇರುವುದು ತಿಪಟೂರಿನ ಹಳಿ ಬರುವ ತುದಿಯಲ್ಲಿಯೇ. ಆದುದರಿಂದ ಹಾಸನದಿಂದ ಬಂದ ರೈಲು ನೇರವಾಗಿ ತಾಳಗುಪ್ಪದ ದಾರಿಯಲ್ಲಿರುವ ಬೀರೂರಿನತ್ತ ಮುಂದುವರಿಯಬಹುದು. ಬೆಂಗಳೂರಿನಿಂದ ಬಂದದ್ದು ಹಾಸನಕ್ಕೆ ಹೋಗಬೇಕಾದರೆ ಹಿಂದುಮುಂದಾಗಲೇಬೇಕು.

ಇದು ನೋಡುವವರಿಗೆ ಸುಲಭವೆನಿಸಿದರೂ ಕೆಲಸ ಸಣ್ಣದಲ್ಲ. ಇಂಜಿನ್ನನ್ನು ಕಳಚಿ, ಪಕ್ಕದ ಹಳಿಯ ಮೂಲಕ ಇನ್ನೊಂದು ತುದಿಗೆ ತಂದು ಜೋಡಿಸಿ, ಬ್ರೇಕಿನ ಗಾಳಿ ಕೊಳವೆಗಳನ್ನು ಕೂಡಿಸಿ, ಕೊನೆಯ ಬೋಗಿಯವರೆಗೂ ಬ್ರೇಕು ಹಿಡಿಯುತ್ತಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಹೊರಡಲು ಅನುಮತಿ ದೊರೆಯುತ್ತದೆ. ಘಟ್ಟ ಇಳಿಯಬೇಕಾದ ರೈಲಿಗೆ ಈ ಪರೀಕ್ಷೆಯ ಮಹತ್ವ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿದ್ದು, ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರಿದೆ. ಇಷ್ಟೆಲ್ಲ ನಡೆಯುವಾಗ ಗಾರ್ಡ್ ಕೂಡ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಾಗುತ್ತದೆ. ಎರಡೂ ತುದಿಯಲ್ಲಿ ಚಾಲಕರ ಕೋಣೆಯಿರುವ ಡೆಮು, ಮೆಮು ಗಾಡಿಗಳಿಗೆ ಮಾತ್ರ ಇಂಜಿನ್ ಸುತ್ತಿಸುವ ಕೆಲಸವಿಲ್ಲ.

ಬೆಂಗಳೂರು–ಹಾಸನ ನೇರ ಮಾರ್ಗ ಕುಣಿಗಲ್, ಶ್ರವಣಬೆಳಗೊಳದ ಮೂಲಕ 2017ರ ಮಾರ್ಚ್‌ನಲ್ಲಿ ತೆರೆಯಿತು. 1996ರಲ್ಲಿ ಮಂಜೂರಾದ ಯೋಜನೆ ಮುಗಿಯಲು ಎರಡು ದಶಕ ಬೇಕಾದದ್ದು ಬೇಸರದ ಸಂಗತಿಯಾದರೂ, ಮಂಗಳೂರಿನ ಪ್ರಯಾಣಿಕರಿಗೆ ಸುತ್ತುದಾರಿಯೂ ಅರಸೀಕೆರೆಯ ಕಾಯುವಿಕೆಯೂ ತಪ್ಪಿದವು. ಆದರೆ ಆ ಹೊಸ ಹಾದಿ ತಮ್ಮ ಊರಾದ ತಿಪಟೂರನ್ನು ಮುಟ್ಟುವುದಿಲ್ಲ. ನೇರ ಗಾಡಿ ಸಿಗದಿದ್ದರೆ ತಿಪಟೂರಿನವರು ಅರಸೀಕೆರೆಯಲ್ಲಿ ಇಳಿದು, 47 ಕಿ.ಮೀ. ದೂರದ ಹಾಸನಕ್ಕೆ ಬೇರೆ ಗಾಡಿ ಹಿಡಿಯಬೇಕು. ಹೀಗಾಗಿ ಬೆಂಗಳೂರಿನ ಕಡೆಯಿಂದ ಬರುವ ರೈಲಿಗೂ ಹಾಸನದ ಕಡೆ ಹೊರಡುವ ರೈಲಿಗೂ ಸಮಯ ಹೊಂದಿಕೊಳ್ಳುವಂತಿರುವುದು ಬಹಳ ಮುಖ್ಯವೆಂದು ನನ್ನ ಅಭಿಪ್ರಾಯ. ತಾವು ಹೊರಡುವ ಮುನ್ನ ಎರಡೂ ಗಾಡಿಗಳ ವೇಳೆಯನ್ನು ವಿಚಾರಿಸಿ, ನಡುವೆ ಕನಿಷ್ಠ ಒಂದು ಗಂಟೆಯ ಅಂತರವಿಟ್ಟುಕೊಳ್ಳಿ.